ಗೋಡೆಗೆ ಬೂಷ್ಟು, ಮಗುವಿಗೆ ಕೆಮ್ಮು: ಪಸೆಯ ಮೂಲ ಹುಡುಕುವುದು ಹೇಗೆ?

ಆಷಾಢ ಮುಗಿಯುವ ಹೊತ್ತು. ಪಂಚಮಿ ಯಾವ ವಾರ ಬಂದಿದೆ ಅಂತ ನೋಡಲು ಕ್ಯಾಲೆಂಡರ್ ಎತ್ತಿದೆ, ಹಿಂದಿನ ರಟ್ಟು ಗೋಡೆಗೆ ಅಂಟಿಕೊಂಡಿತ್ತು. ಎಳೆದಾಗ ಬಣ್ಣದ ಸಿಪ್ಪೆಯೂ ಜೊತೆಗೆ ಬಂತು. ಅಲ್ಲಿ ಕ್ಯಾಲೆಂಡರಿನಷ್ಟೇ ಅಗಲಕ್ಕೆ, ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಹಸಿರು ಚುಕ್ಕೆಗಳು. ಬಹಳ ದಿನ ಮುಚ್ಚಿಟ್ಟ ಟ್ರಂಕ್ ತೆಗೆದಾಗ ಬರುವಂಥ ವಾಸನೆ. ಅದರ ಕೆಳಗೆ ಎರಡು ಗೇಣು ದೂರದಲ್ಲಿ ಐದು ವರ್ಷದ ನನ್ನ ಮಗನ ದಿಂಬು.

ಜೂನ್‌ನಿಂದ ಅವನಿಗೆ ರಾತ್ರಿ ಕೆಮ್ಮು ಇತ್ತು. ಧಾರವಾಡದ ಜಿಟಿಜಿಟಿ ಮಳೆ, ಥಂಡಿ ಹವಾ, ಮಕ್ಕಳಿಗೆ ಇದ್ದದ್ದೇ ಅಂದುಕೊಂಡಿದ್ದೆವು. ಅದೇ ಗೋಡೆಗೆ ಯುಗಾದಿ ಮುಂದೆ ಬಣ್ಣ ಹೊಡೆಸಿದ್ದೆವು, ಅದರ ಹಿಂದಿನ ವರ್ಷವೂ ಹೊಡೆಸಿದ್ದೆವು. ಎರಡು ಸಲವೂ ಪಸೆ ಎಲ್ಲಿಂದ ಬರುತ್ತಿದೆ ಅಂತ ಯಾರೂ ಹುಡುಕಲಿಲ್ಲ, ನಾವೂ ಕೇಳಲಿಲ್ಲ. ಆಮೇಲೆ ಹೇಗೆ ಹುಡುಕಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಕೆಲಸವನ್ನು ಮುಂದಿನ ಮಳೆಗಾಲಕ್ಕೆ ಬಿಡಬೇಡಿ.

ಗೋಡೆಗಿಂತ ಮೊದಲು ಮಗು

ಬೂಷ್ಟು ಕಂಡ ದಿನವೇ ಮಗುವಿನ ಹಾಸಿಗೆಯನ್ನು ಬೇರೆ ಕೋಣೆಗೆ ಒಯ್ಯಿರಿ. ಬೇರೆ ಕೋಣೆ ಇಲ್ಲದಿದ್ದರೆ ಒಣಗಿದ ಗೋಡೆಯ ಕಡೆ, ಗೋಡೆಯಿಂದ ಒಂದು ಮೊಳವಾದರೂ ದೂರಕ್ಕೆ ಸರಿಸಿರಿ. ಕೆಮ್ಮು ಎರಡು ವಾರ ದಾಟಿದ್ದರೆ, ರಾತ್ರಿ ಅಥವಾ ನಸುಕಿನಲ್ಲಿ ಹೆಚ್ಚಾಗುತ್ತಿದ್ದರೆ, ಉಸಿರಾಡುವಾಗ ಎದೆಯಲ್ಲಿ ಸುಂಯ್ ಅನ್ನುವ ಸದ್ದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಬೂಷ್ಟು ಇದೆ ಅನ್ನುವ ಮಾತನ್ನು ನೀವೇ ಬಾಯಿಬಿಟ್ಟು ಹೇಳಿ. ನಮ್ಮ ವೈದ್ಯರು ತಾವೇ ಕೇಳಿದರು: "ಮನ್ಯಾಗ ಗ್ವಾಡಿ ಏನರ ತೊಯ್ದಾವೇನ್ರಿ? ಅಜ್ಜಿ ಮನಿಗೆ ಹ್ವಾದಾಗ ಕೆಮ್ಮು ಕಡಿಮಿ ಆಗ್ತದೇನು?" ಎರಡಕ್ಕೂ ಹೌದು ಅಂದೆ. ಊರಿಗೆ ಹೋದಾಗ ಕಡಿಮೆಯಾಗಿ, ಮನೆಗೆ ಬಂದ ಎರಡೇ ದಿನಕ್ಕೆ ಮತ್ತೆ ಶುರುವಾಗುವ ಕೆಮ್ಮು ಒಂದು ಸುಳಿವು. ಅದೇ ಪುರಾವೆ ಅಲ್ಲ. ಸೊಳ್ಳೆ ಬತ್ತಿ, ಊದುಬತ್ತಿ, ಒಲೆಯ ಹೊಗೆ, ಧೂಳು ಇವೂ ಇದೇ ಆಟ ಆಡಿಸುತ್ತವೆ. ಅದಕ್ಕೇ ಬೂಷ್ಟು ಸಿಕ್ಕಿತು ಅಂತ ಔಷಧ ನಿಲ್ಲಿಸುವುದಾಗಲಿ, ವೈದ್ಯರು ಕೊಟ್ಟ ಇನ್‌ಹೇಲರ್ ಬದಿಗಿಡುವುದಾಗಲಿ ಮಾಡಬಾರದು.

ಕೆಲವು ಲಕ್ಷಣ ಕಂಡರೆ ಕಾಯುವ ಮಾತೇ ಇಲ್ಲ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು, ಹಾಲು ಕುಡಿಯಲು ಅಥವಾ ಒಂದು ಪೂರ್ತಿ ಮಾತಾಡಲು ಆಗದಿರುವುದು. ಮಗು ಶಾಂತವಾಗಿದ್ದಾಗ ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನು ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕೂ ಹೆಚ್ಚು ಬಂದರೆ ಅದು ವೇಗದ ಉಸಿರು. 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ. ಹುಬ್ಬಳ್ಳಿಯಲ್ಲಿ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ) ಇದೆ, ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆ, ಗದಗದಲ್ಲಿ ಜಿಮ್ಸ್.

ಪಸೆ, ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ದಮ್ಮು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ. ಇಷ್ಟು ಬೂಷ್ಟು ಇದ್ದರೆ ನಡೆಯುತ್ತದೆ ಅನ್ನುವ ಯಾವ ಅಳತೆಯನ್ನೂ ಅದು ಕೊಟ್ಟಿಲ್ಲ. ಕಪ್ಪಾಗಿದ್ದರೆ ವಿಷ, ಬೆಳ್ಳಗಿದ್ದರೆ ಪರವಾಗಿಲ್ಲ ಅನ್ನುವ ಮಾತು ಕೇಳಬೇಡಿ, ಬಣ್ಣ ನೋಡಿ ಅಪಾಯ ಅಳೆಯಲು ಬರುವುದಿಲ್ಲ. ಯಾವ ಜಾತಿಯ ಬೂಷ್ಟು ಅಂತ ಲ್ಯಾಬಿಗೆ ಕಳಿಸುವ ಖರ್ಚೂ ಬೇಡ. ಯಾವ ಜಾತಿಯಾದರೂ ಮಾಡಬೇಕಾದ ಕೆಲಸ ಅದೇ.

ಬೂಷ್ಟೋ, ಸವಳೋ?

ಬಿಳಿ ಪುಡಿ ಕಂಡ ಕೂಡಲೇ ಬೂಷ್ಟು ಅನ್ನಬೇಡಿ. ಇಟ್ಟಿಗೆ, ಗಾರೆಯಲ್ಲಿನ ಉಪ್ಪು ನೀರಿನ ಜೊತೆ ಹೊರಗೆ ಬಂದು ಗೋಡೆಯ ಮೇಲೆ ಸವಳಾಗಿ ಕೂರುತ್ತದೆ. ಒಂದು ಚೂರು ಕೆರೆದು ಚಮಚದ ನೀರಿಗೆ ಹಾಕಿದರೆ ಸವಳು ಕರಗುತ್ತದೆ, ಬೂಷ್ಟು ಕರಗುವುದಿಲ್ಲ. ಸವಳು ಬೆರಳಿಗೆ ಹರಳು ಹರಳಾಗಿ ಹತ್ತುತ್ತದೆ, ಬೂಷ್ಟು ಮಸಿಯ ಹಾಗೆ ಬಳಿದುಕೊಳ್ಳುತ್ತದೆ. ಸವಳಿನಿಂದ ಮಗುವಿಗೆ ಕೆಮ್ಮು ಬರುವುದಿಲ್ಲ. ಆದರೆ ಗೋಡೆಯೊಳಗೆ ನೀರು ಓಡಾಡುತ್ತಿದೆ ಅಂತ ಅದು ಸಾರಿ ಹೇಳುತ್ತದೆ.

ಕ್ಯಾಲೆಂಡರಿನಲ್ಲಿ ನಾಲ್ಕು ಗುರುತು

ನಮ್ಮ ಮನೆ ಸಪ್ತಾಪುರದ ಕಡೆ, ಬಾಡಿಗೆಯದು. ಮನೆ ಮಾಲಕರು ಒಬ್ಬ ಹಿರಿಯ ಗೌಂಡಿಯನ್ನು ಕಳಿಸಿದರು. ಅವರು ಗೋಡೆಗೆ ಅಂಗೈ ಒತ್ತಿ, ಬಗ್ಗಿ ಮೂಸಿ ನೋಡಿ, ಕರಣೆಯ ಹಿಡಿಕೆಯಿಂದ ಬಡಿದು ನೋಡಿದರು. ಒಂದು ಕಡೆ ಟಣ್ ಅಂತು, ಒಂದು ಕಡೆ ಬೊದ್ ಅಂತು. "ಕಾಕಾ, ಈ ಸಲ ವಾಟರ್‌ಪ್ರೂಫ್ ಬಣ್ಣ ಹಚ್ಚಿಬಿಡೋಣೇನ್ರಿ?" ಅಂದೆ.

"ತಂಗೀ, ಬಣ್ಣ ಅಂದ್ರ ಅಂಗಿ ಇದ್ದಂಗ. ಮೈ ತೊಯ್ದಿದ್ದಾಗ ಮ್ಯಾಲ ಒಣಾ ಅಂಗಿ ಹಾಕಿದ್ರ ಏನಾತು? ಮೊದ್ಲ ಹೇಳು, ಇದು ತೊಯ್ಯೋದು ಯಾವತ್ತು?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರವೂ ಇರಲಿಕ್ಕಿಲ್ಲ. ಅವತ್ತಿನಿಂದ ಅದೇ ಕ್ಯಾಲೆಂಡರಿನ ಪ್ರತಿ ದಿನದ ಚೌಕದಲ್ಲಿ ನಾಲ್ಕು ಗುರುತು ಹಾಕುತ್ತ ಬಂದೆ: ಮಳೆ ಬಂತಾ, ನಳ ಬಂತಾ, ಬಟ್ಟೆ ಒಗೆದು ಒಳಗೆ ಹಾಕಿದೆವಾ, ರಾತ್ರಿ ಮಗ ಎಷ್ಟು ಸಲ ಕೆಮ್ಮಿ ಎದ್ದ. ಗೋಡೆಯ ಒದ್ದೆ ಜಾಗದ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದೆ. ಹದಿನೈದು ದಿನ ಹೀಗೆ ಮಾಡಿದರೆ ಸಾಕು. ಕೊನೆಗೆ ಆ ಹಾಳೆಯನ್ನೇ ವೈದ್ಯರಿಗೂ ಕೊಟ್ಟೆ, ಗೌಂಡಿಗೂ ಕೊಟ್ಟೆ. ಇಬ್ಬರಿಗೂ ನನ್ನ ಬಾಯಿಮಾತಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂತು.

ನಳದ ಗುರುತು ನಮ್ಮ ಊರುಗಳಲ್ಲಿ ಬಹಳ ಮುಖ್ಯ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಿಂದಲೇ ದಿನದ 24 ಗಂಟೆ ನೀರಿದೆ. ಆದರೆ ಎಷ್ಟೋ ಓಣಿಗಳಲ್ಲಿ ಮಲಪ್ರಭೆಯ ನೀರು ಬಂದರೆ ಬಂತು, ನಡುವೆ ಹಲವು ದಿನ ಖಾಲಿ. ಈ ತೊಂದರೆಯೇ ದೋಷ ಹುಡುಕಲು ಅನುಕೂಲ ಮಾಡಿಕೊಡುತ್ತದೆ. ಪೈಪಿನಲ್ಲಿ ನೀರಿರುವ ದಿನವೂ ಇಲ್ಲದ ದಿನವೂ ಬೇರೆ ಬೇರೆ ಇರುವುದರಿಂದ, ಗೋಡೆ ಯಾವ ದಿನ ಒದ್ದೆಯಾಯಿತು ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಗುರುತುಗಳನ್ನು ಓದುವುದು

ಮಳೆಯಾದ ಕೆಲವೇ ಗಂಟೆಯಲ್ಲಿ ಒದ್ದೆ ಹೆಚ್ಚಿದರೆ ನೀರು ಹೊರಗಿನಿಂದ ಬರುತ್ತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಪಡುವಣದಿಂದ, ನೈರುತ್ಯದಿಂದ ಬೀಸುತ್ತದೆ, ಮಳೆ ಓರೆಯಾಗಿ ಆ ಗೋಡೆಗೇ ಬಡಿಯುತ್ತದೆ. ಹೊರಗೆ ಹೋಗಿ ಕಿಟಕಿ ಚೌಕಟ್ಟಿನ ಸುತ್ತ, ಛಜ್ಜಾದ ಮೇಲೆ, ಪ್ಯಾರಾಪೆಟ್ ತಲೆಯ ಮೇಲೆ ಬಿರುಕು ಇದೆಯಾ ನೋಡಿ. ಛಜ್ಜಾದ ಅಡಿಯಲ್ಲಿ ಅಂಚಿನ ಉದ್ದಕ್ಕೂ ಒಂದು ಸಣ್ಣ ಕಾಲುವೆಯಂಥ ಗೀರು ಇರಬೇಕು, ಅದಿಲ್ಲದಿದ್ದರೆ ಹನಿ ಕೆಳಗೆ ಬೀಳದೆ ಅಡಿಯಲ್ಲೇ ಹರಿದು ಗೋಡೆ ಸೇರುತ್ತದೆ. ಅನುಮಾನ ಇದ್ದರೆ ಮಳೆ ಇಲ್ಲದ ದಿನ ಪೈಪ್ ಹಿಡಿದು ನೀರು ಹೊಡೆಯಿರಿ. ಕೆಳಗಿನಿಂದ ಶುರು ಮಾಡಿ, ಪ್ರತಿ ಎತ್ತರದಲ್ಲಿ ಹದಿನೈದು ಇಪ್ಪತ್ತು ನಿಮಿಷ ಹೊಡೆಯುತ್ತ ಮೇಲೆ ಹೋಗಿ. ಒಬ್ಬರು ಒಳಗೆ ನಿಂತು ನೋಡಲಿ. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆ ನೀರಾಗಿ ಯಾವುದೂ ತಿಳಿಯುವುದಿಲ್ಲ. ಚಾವಣಿ ಒದ್ದೆಯಾಗಿದ್ದರೆ ಮೇಲೆ ಹತ್ತಿ ಮಳೆ ನೀರಿನ ಪೈಪಿನ ಬಾಯಿ ನೋಡಿ. ಬೇವಿನ ಎಲೆ, ಪ್ಲಾಸ್ಟಿಕ್ ಚೀಲ ಸಿಕ್ಕಿರುವುದೇ ಹೆಚ್ಚು. ನಿಂತ ನೀರಿನ ಸುತ್ತ ಸೀಮೆಸುಣ್ಣದ ಗೆರೆ ಎಳೆಯಿರಿ, ಎರಡು ದಿನವಾದರೂ ಇಂಗದಿದ್ದರೆ ಇಳಿಜಾರು ಸರಿಯಿಲ್ಲ.

ಮಳೆ ಇರಲಿ ಬಿಡಲಿ, ನೆಲದಿಂದ ಎರಡು ಮೂರು ಅಡಿಯವರೆಗೆ ಮಾತ್ರ ಒದ್ದೆ, ಅದರ ಮೇಲಂಚಿಗೆ ಸವಳಿನ ಬಿಳಿ ಗೆರೆ, ಹೀಗಿದ್ದರೆ ನೀರು ಪಾಯದಿಂದ ಏರುತ್ತಿದೆ. ಹೊರಗಿನ ಮಣ್ಣು ಪಾಯದ ಮಟ್ಟಕ್ಕಿಂತ ಮೇಲೆ ಬಂದಿದೆಯಾ ನೋಡಿ. ರಸ್ತೆಯ ಮೇಲೆ ರಸ್ತೆ ಹಾಕಿ ಹಾಕಿ ಎಷ್ಟೋ ಹಳೆ ಮನೆಗಳು ತಗ್ಗಿಗೆ ಇಳಿದಿವೆ. ಗೋಡೆಗೆ ತಾಗಿ ಹೂವಿನ ಮಡಿ ಮಾಡಿದ್ದರೆ ಅದನ್ನು ತೆಗೆಯಿರಿ. ಹುಬ್ಬಳ್ಳಿ, ನವಲಗುಂದ, ಗದಗಿನ ಎರೆ ಮಣ್ಣಿನ ಕಡೆ ಇನ್ನೊಂದು ತೊಂದರೆ ಇದೆ. ಬೇಸಿಗೆಯಲ್ಲಿ ಎರೆ ಬಿರಿದು ಪಾಯದ ಪಕ್ಕ ಕೈ ಹೋಗುವಷ್ಟು ಸೀಳಾಗುತ್ತದೆ, ಮೊದಲ ಮಳೆಯ ನೀರು ನೇರ ಅದರೊಳಗೆ ಇಳಿಯುತ್ತದೆ. ಪಾಯದ ಸುತ್ತ ಹೊರಗೆ ಇಳಿಜಾರಾಗಿ ಎರಡು ಮೂರು ಅಡಿ ಅಗಲದ ಕಾಂಕ್ರೀಟ್ ಪಟ್ಟಿ ಹಾಕಿಸಿದರೆ ಎಷ್ಟೋ ತಡೆಯುತ್ತದೆ.

ಬಚ್ಚಲಿನ ಬೆನ್ನಿಗಿರುವ ಗೋಡೆಯಾದರೆ ಬಚ್ಚಲಿನ ಕಿಂಡಿಯನ್ನು ಬಟ್ಟೆಯಿಂದ ಬಿಗಿದು ಒಂದು ಇಂಚು ನೀರು ನಿಲ್ಲಿಸಿ, ಒಂದು ದಿನ ಹಾಗೇ ಬಿಟ್ಟು ಗೋಡೆಯ ಒದ್ದೆ ಹೆಚ್ಚಿತಾ ನೋಡಿ.

ನಳ ಬಂದ ದಿನ, ಮೋಟರ್ ಹಾಕಿದ ದಿನ ಒದ್ದೆ ಹೆಚ್ಚಿದರೆ ಗೋಡೆಯೊಳಗಿನ ಪೈಪನ್ನೇ ಅನುಮಾನಿಸಿ. ರಾತ್ರಿ ಮಲಗುವಾಗ ಮೇಲಿನ ಟಾಕಿಯ ನೀರಿನ ಮಟ್ಟಕ್ಕೆ ಗುರುತು ಹಾಕಿ, ಎಲ್ಲ ನಳ ಬಂದ್ ಮಾಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಮರುದಿನ ಟಾಕಿಯ ಕೆಳಗಿನ ವಾಲ್ವನ್ನೂ ಮುಚ್ಚಿ ನೋಡಿ. ಆಗ ಇಳಿಯದಿದ್ದರೆ ಸೋರುವುದು ಕೆಳಗೆ ಬರುವ ಪೈಪು. ಒದ್ದೆ ಜಾಗ ಸ್ವಿಚ್‌ಬೋರ್ಡಿನ ಹತ್ತಿರ ಬಂದಿದ್ದರೆ ಈ ಪರೀಕ್ಷೆಗಳನ್ನೆಲ್ಲ ಬದಿಗಿಟ್ಟು ಮೊದಲು ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಮನೆಯೊಳಗೇ ಹುಟ್ಟುವ ನೀರು

ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾನೂ ಹಿಡಿದಿರಲಿಲ್ಲ. ಅಡಿಗೆ ಗ್ಯಾಸ್ ಉರಿದರೆ ನೀರಿನ ಆವಿ ಹುಟ್ಟುತ್ತದೆ. ಒಂದು ಕಿಲೋ ಗ್ಯಾಸಿಗೆ ಒಂದೂವರೆ ಕಿಲೋಕ್ಕಿಂತ ಹೆಚ್ಚು ನೀರು. 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಸುಮಾರು 22 ಲೀಟರ್, ಅಂದರೆ ಒಂದು ದೊಡ್ಡ ಬಕೆಟ್ ನೀರು ಮನೆಯ ಹವೆಗೆ ಸೇರಿರುತ್ತದೆ. ಅನ್ನ ಬೇಯುವ ಆವಿ, ಬಚ್ಚಲಿನ ಬಿಸಿನೀರು, ಕೋಣೆಯೊಳಗೆ ಹಗ್ಗ ಕಟ್ಟಿ ಫ್ಯಾನಿನ ಕೆಳಗೆ ಒಣಗಿಸುವ ಬಟ್ಟೆ, ಇವೆಲ್ಲ ಅದರ ಮೇಲೆ. ಈ ಆವಿ ಮನೆಯಲ್ಲೇ ತಂಪಾದ ಜಾಗ ಹುಡುಕಿಕೊಂಡು ಹೋಗಿ ನೀರಾಗುತ್ತದೆ: ಹೊರಗೋಡೆಯ ಮೂಲೆ, ಕಪಾಟಿನ ಹಿಂದೆ, ಕ್ಯಾಲೆಂಡರಿನ ಹಿಂದೆ.

ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಮಗು ಮಲಗುವ ಕೋಣೆಯಲ್ಲಿ ಅದು ಶೇ. 60ರ ಕೆಳಗಿರುವಂತೆ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಕಿಟಕಿ ತೆರೆದಿಡಿ ಅನ್ನುವ ಸಲಹೆ ನನ್ನ ಪ್ರಕಾರ ಅರ್ಧವೇ ಸರಿ. ಹೊರಗೆ ಜಿಟಿಜಿಟಿ ಹಿಡಿದಿದ್ದಾಗ ಬರುವ ಹವೆಯೂ ತೊಯ್ದದ್ದೇ. ಆವಿ ಹುಟ್ಟಿದ ಜಾಗದಿಂದಲೇ ಅದನ್ನು ಹೊರಗೆ ಹಾಕಬೇಕು: ಅಡಿಗೆ ಮಾಡುವಾಗ, ಸ್ನಾನವಾದ ಮೇಲೆ ಅರ್ಧ ಗಂಟೆ ಎಕ್ಸಾಸ್ಟ್ ಫ್ಯಾನ್ ಹಾಕಿ, ಆ ಕೋಣೆಯ ಬಾಗಿಲು ಮುಚ್ಚಿ. ಮಧ್ಯಾಹ್ನ ಬಿಸಿಲು ಬಿದ್ದ ಹೊತ್ತಿಗೆ ಎದುರುಬದುರು ಕಿಟಕಿ ತೆರೆಯಿರಿ. ಮಳೆಗಾಲದಲ್ಲಿ ಕೂಲರ್ ಹಚ್ಚಲೇಬೇಡಿ.

ಎರಡು ದೋಷ ಒಂದೇ ದಿನ

ನಮ್ಮ ಕ್ಯಾಲೆಂಡರ್ ಹಾಳೆ ನೋಡಿದರೆ ಮಳೆಗೂ ಗೋಡೆಗೂ ತಾಳವೇ ಇರಲಿಲ್ಲ. ಸತತ ಮೂರು ದಿನ ಮಳೆ ಸುರಿದಾಗಲೂ ಪೆನ್ಸಿಲ್ ಗೆರೆ ಸರಿಯಲಿಲ್ಲ. ನಳ ಬಂದ ಮರುದಿನ ಮಾತ್ರ ಎರಡು ಬೆರಳು ಮೇಲೆ ಏರಿತ್ತು. ಕೆಮ್ಮಿನ ಗುರುತೂ ಹೆಚ್ಚುಕಡಿಮೆ ಅದೇ ದಿನಗಳ ಸುತ್ತ. ಪೈಪು ಸೋರುತ್ತಿದೆ ಅಂತ ತೀರ್ಮಾನಿಸಿ ಗೋಡೆ ಒಡೆಯಲು ಹೊರಟಿದ್ದೆವು. ಆಗ ಹಾಳೆಯಲ್ಲಿ ಇನ್ನೊಂದು ಕಂಡಿತು: ನಳ ಬಂದ ದಿನವೇ ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ದಿನ. ಹೊರಗೆ ಮಳೆ ಅಂತ ಅಷ್ಟೂ ಬಟ್ಟೆ ಇದೇ ಕೋಣೆಯಲ್ಲಿ ನೇತಾಡುತ್ತಿತ್ತು. ತಪ್ಪು ಪೈಪಿನದೋ ಹಗ್ಗದ್ದೋ?

ಗೌಂಡಿ ಕಾಕಾ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಕತ್ತರಿಸಿ ಒಂದೊಂದು ಅಡಿ ಚೌಕದ ಎರಡು ತುಂಡು ಮಾಡಿದರು. ಒಂದನ್ನು ನೆಲದಿಂದ ಎರಡು ಅಡಿ ಎತ್ತರಕ್ಕೆ, ಇನ್ನೊಂದನ್ನು ಕ್ಯಾಲೆಂಡರ್ ಇದ್ದ ಜಾಗಕ್ಕೆ ಅಂಟಿಸಿದರು. ಗೋಡೆಯ ಮೇಲ್ಮೈ ಒರೆಸಿ ಒಣಗಿಸಿ, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪು. ಎರಡು ದಿನ ಮುಟ್ಟಬೇಡಿ ಅಂದರು. ಪ್ಲಾಸ್ಟಿಕ್ಕಿನ ಕೋಣೆ ಕಡೆಯ ಮೈ ಒದ್ದೆಯಾದರೆ ನೀರು ಕೋಣೆಯ ಹವೆಯದು, ಗೋಡೆ ಕಡೆಯ ಮೈ ಒದ್ದೆಯಾದರೆ ಗೋಡೆಯೊಳಗಿನದು.

ಮೂರನೇ ದಿನ ನೋಡಿದಾಗ ಕೆಳಗಿನ ತುಂಡಿನ ಹಿಂದೆ ಹನಿಗಳು ಕೂಡಿ ಸಣ್ಣ ಧಾರೆಯಾಗಿ ಇಳಿದಿದ್ದವು. ಮೇಲಿನ ತುಂಡಿನ ಹಿಂದೆ ಏನೂ ಇರಲಿಲ್ಲ, ಮುಂದಿನ ಮೈ ಮೇಲೆ ಮಂಜು ಕೂತಿತ್ತು. ಎರಡೂ ದೋಷ ಇದ್ದವು. ಕೆಳಗೆ ಪೈಪು, ಮೇಲೆ ನಮ್ಮ ಬಟ್ಟೆಯ ಹಗ್ಗ. ಒಂದನ್ನೇ ಸರಿ ಮಾಡಿ ಸುಮ್ಮನಾಗಿದ್ದರೆ ಬೂಷ್ಟು ಮತ್ತೆ ಬರುತ್ತಿತ್ತು, ಪೈಪ್ ಸರಿ ಮಾಡಿದ್ದು ದಂಡವಾಯಿತು ಅಂದುಕೊಳ್ಳುತ್ತಿದ್ದೆವು.

ಪ್ಲಂಬರ್ ಬೊದ್ ಅನ್ನುತ್ತಿದ್ದ ಜಾಗದಲ್ಲಿ ಒಂದು ಅಡಿ ಗಾರೆ ಒಡೆದ. ಸಂಪಿನಿಂದ ಟಾಕಿಗೆ ಏರುವ ಪೈಪಿನ ಮೊಣಕೈಯಲ್ಲಿ ಕೂದಲೆಳೆಯಷ್ಟು ಸೀಳು. ಮೋಟರ್ ಬಂದ್ ಇದ್ದಾಗ ಬರೀ ಜಿನುಗು, ಮೋಟರ್ ಹಾಕಿದರೆ ಅದರಿಂದ ಸೂಜಿಯಂಥ ಧಾರೆ ಚಿಮ್ಮಿ ಇಟ್ಟಿಗೆಗೆ ಬಡಿಯುತ್ತಿತ್ತು. ಮಗ ನನ್ನ ಸೀರೆ ಸೆರಗು ಹಿಡಿದು ನಿಂತು ಅದನ್ನೇ ನೋಡುತ್ತಿದ್ದ. ಅವನನ್ನು ಕೂಡಲೇ ಪಕ್ಕದ ಮನೆಗೆ ಕಳಿಸಿದೆ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ತೊಳೆಯುವಾಗ

ಬೂಷ್ಟು ಕೆರೆದಾಗ, ಗಾರೆ ಒಡೆದಾಗ ಅದರ ಬೀಜಕಣ ಸುಮ್ಮನಿದ್ದಾಗಿನದಕ್ಕಿಂತ ಎಷ್ಟೋ ಪಾಲು ಹೆಚ್ಚು ಹವೆಗೆ ಏಳುತ್ತದೆ. ಅದಕ್ಕೇ ಮಕ್ಕಳು, ದಮ್ಮು ಇರುವವರು, ಗರ್ಭಿಣಿಯರು ಆ ಹೊತ್ತಿನಲ್ಲಿ ಮನೆಯಲ್ಲೇ ಇರಬಾರದು. ತೊಳೆಯುವವರು ಎನ್95 ಮಾಸ್ಕ್, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಬೇಕು. ಬಾಯಿಗೆ ಟವೆಲ್ ಕಟ್ಟಿಕೊಂಡರೆ ಸಾಲದು. ಕೋಣೆಯ ಬಾಗಿಲು ಮುಚ್ಚಿ, ಹೊರಗಿನ ಕಿಟಕಿ ತೆರೆದು, ಫ್ಯಾನ್ ಬಂದ್ ಮಾಡಿ. ಒಣ ಬ್ರಷ್ಷಿನಿಂದ ಉಜ್ಜುವುದು, ಕಸಬರಿಗೆಯಿಂದ ಬಡಿಯುವುದು ಬೇಡವೇ ಬೇಡ. ಸೋಪಿನ ಪುಡಿ ಕಲಸಿದ ನೀರನ್ನು ಮೊದಲು ಚಿಮುಕಿಸಿ ಬೂಷ್ಟನ್ನು ತೋಯಿಸಿ, ಹಳೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಬಿಸಾಕಿ. ಆಮೇಲೆ ಗೋಡೆಯನ್ನು ಒಣಗಿಸಿ. ಬೂಷ್ಟು ಮೂರು ಅಡಿಗೆ ಮೂರು ಅಡಿಗಿಂತ ಹೆಚ್ಚು ಜಾಗಕ್ಕೆ ಹಬ್ಬಿದ್ದರೆ ಮನೆಯವರು ಕೈ ಹಾಕದೆ ಕೆಲಸ ಗೊತ್ತಿದ್ದವರನ್ನು ಕರೆಯುವುದು ಒಳ್ಳೆಯದು.

ಬ್ಲೀಚಿಂಗ್ ಹಚ್ಚಿದರೆ ಕಲೆ ಬಿಳಿಯಾಗುತ್ತದೆ, ನೋಡಲು ಸಮಾಧಾನ. ಆದರೆ ಸತ್ತ ಬೂಷ್ಟೂ ಗೋಡೆಯಲ್ಲೇ ಉಳಿದರೆ ಅಲರ್ಜಿ ತಪ್ಪುವುದಿಲ್ಲ, ಅದನ್ನು ಒರೆಸಿ ತೆಗೆಯಲೇಬೇಕು. ಬ್ಲೀಚಿಂಗ್ ಮತ್ತು ಕಕ್ಕಸು ತೊಳೆಯುವ ಆಸಿಡ್ ಎರಡನ್ನೂ ಎಂದಿಗೂ ಕೂಡಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಜೀವ ತೆಗೆಯಬಲ್ಲದು.

ಬೂಷ್ಟು ಹತ್ತಿದ ಹತ್ತಿಯ ಗಾದಿ, ಪ್ಲೈವುಡ್, ಜಿಪ್ಸಮ್ ಹಲಗೆ ತೊಳೆದು ಉಳಿಸಲು ಬರುವುದಿಲ್ಲ. ಮಗನ ಗಾದಿ ಬಿಸಾಕಿದೆವು. ಅವನು ಹೊದೆಯುತ್ತಿದ್ದ ಕೌದಿ ನಮ್ಮ ಅತ್ತೆ ಹೊಲಿದದ್ದು, ಒಂದು ಮೂಲೆಗೆ ಅವರ ಹಳೆ ಇಳಕಲ್ ಸೀರೆಯ ತುಂಡಿದೆ. ಆ ಮೂಲೆಯಲ್ಲೇ ಚುಕ್ಕೆ ಬಿದ್ದಿತ್ತು. ಬಿಸಿನೀರಿನಲ್ಲಿ ಎರಡು ಸಲ ಒಗೆದು, ಮಳೆ ಬಿಡುವು ಕೊಟ್ಟಾಗ ಎರಡು ದಿನ ಖಣಖಣ ಬಿಸಿಲಿಗೆ ಹಾಕಿದೆ. ವಾಸನೆ ಹೋಯಿತು, ಚುಕ್ಕೆ ಉಳಿಯಿತು. ಪೂರ್ತಿ ಒಣಗಿ ವಾಸನೆ ಇಲ್ಲದಿದ್ದರೆ ಕಲೆಯ ಬಗ್ಗೆ ಚಿಂತೆ ಬೇಡ. ಏನೇ ತೊಯ್ದರೂ 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬೂಷ್ಟು ಸಾಮಾನ್ಯವಾಗಿ ಹುಟ್ಟುವುದೇ ಇಲ್ಲ.

ಬಣ್ಣ ಯಾವಾಗ?

"ಇಂಚಿಗೆ ಒಂದ್ ತಿಂಗಳ" ಅಂದರು ಗೌಂಡಿ ಕಾಕಾ. ನೀರು ನಿಂತ ಮೇಲೆ ಇಟ್ಟಿಗೆ ಗೋಡೆ ಒಣಗಲು ಅಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು ಅವರ ಅಂದಾಜು. ಮಾಲಕರಿಗೆ ದಸರೆಯೊಳಗೆ ಬಣ್ಣ ಮುಗಿಸುವ ಅವಸರ ಇತ್ತು. ಪ್ಲಾಸ್ಟಿಕ್ ತುಂಡಿನ ಹಿಂದೆ ಇನ್ನೂ ಬೆವರುತ್ತಿದ್ದುದನ್ನು ತೋರಿಸಿದಾಗ ಅವರೂ ಒಪ್ಪಿದರು. ದೀಪಾವಳಿ ದಾಟುವವರೆಗೆ ಆ ಗೋಡೆ ಬೋಳಾಗಿಯೇ ಇತ್ತು.

ಮಾಳಮಡ್ಡಿಯ ಕಡೆಯಂಥ ಹಳೆ ಕಲ್ಲು-ಮಣ್ಣಿನ, ಹಂಚಿನ ಮನೆಯವರು ಇನ್ನೂ ಎಚ್ಚರವಾಗಿರಬೇಕು. ಆ ಗೋಡೆಗಳು ನೀರು ಹೀರಿ ಹೊರಗೆ ಬಿಡುತ್ತ ಉಸಿರಾಡುವಂಥವು. ಮೇಲೆ ಸಿಮೆಂಟ್ ಗಿಲಾವು ಮಾಡಿ ಎಣ್ಣೆ ಬಣ್ಣ ಬಳಿದರೆ ಪಸೆ ಒಳಗೇ ಸಿಕ್ಕಿಕೊಳ್ಳುತ್ತದೆ, ಬೂಷ್ಟು ಬೇರೆ ಕಡೆ ಏಳುತ್ತದೆ. ಅಂಥ ಗೋಡೆಗೆ ಸುಣ್ಣದ ಗಾರೆ, ಸುಣ್ಣದ ಬಳಿತವೇ ಸರಿ. ಸುಣ್ಣ ಕ್ಷಾರ, ಅದರ ಮೇಲೆ ಬೂಷ್ಟು ಸುಲಭವಾಗಿ ಬೇರೂರುವುದಿಲ್ಲ. ನಮ್ಮದು ಇಟ್ಟಿಗೆ ಗೋಡೆಯಾದರೂ ಆ ಕೋಣೆಗೆ ಸುಣ್ಣವನ್ನೇ ಬಳಿಸಿದೆವು.

ಮಗನ ರಾತ್ರಿ ಕೆಮ್ಮು ಒಮ್ಮೆಲೇ ನಿಲ್ಲಲಿಲ್ಲ. ಹಾಸಿಗೆ ಸರಿಸಿದ ಮೇಲೆ ಕಡಿಮೆಯಾಯಿತು, ಗಾದಿ ಬದಲಾದ ಮೇಲೆ ಇನ್ನಷ್ಟು ಇಳಿಯಿತು. ಇನ್‌ಹೇಲರ್ ಯಾವಾಗ ಕಡಿಮೆ ಮಾಡಬೇಕು ಅನ್ನುವುದನ್ನು ವೈದ್ಯರೇ ಹೇಳುತ್ತ ಬಂದಿದ್ದಾರೆ. ಕಪಾಟನ್ನು ಗೋಡೆಯಿಂದ ನಾಲ್ಕು ಇಂಚು ಮುಂದಕ್ಕೆ ಎಳೆದಿದ್ದೇವೆ. ಈ ವರ್ಷ ಮಿರಗದ ಮಳೆ ಹಿಡಿದ ವಾರ ಅದೇ ಎರಡು ಜಾಗಕ್ಕೆ ಮತ್ತೆ ಪ್ಲಾಸ್ಟಿಕ್ ಅಂಟಿಸಿ ನೋಡಿದೆ. ಕೆಳಗಿನದರ ಹಿಂದೆ ಒಣಗಿತ್ತು. ಮೇಲಿನದರ ಮುಂದೆ ಇನ್ನೂ ಸ್ವಲ್ಪ ಮಂಜು ಇತ್ತು, ಮೀಟರ್ 68 ತೋರಿಸಿತು. ಬಟ್ಟೆಯ ಹಗ್ಗವನ್ನು ಹಿತ್ತಲಿನ ತಗಡಿನ ಕೆಳಗೆ ಕಟ್ಟಿಸಿದೆವು. ಮುಂದಿನ ನಳದ ದಿನ ನೋಡಿದಾಗ 57 ಇತ್ತು.